ಗಂಗಾಧರಯ್ಯನವರ ಕೊಸರು

ಅಜ್ಜಂಪುರದ ಗಂಗಾಧರಯ್ಯನವರ ಹಿಟ್ಟಿನ ಗಿರಣಿಗೆ ಒಂದು ಲೋಕೋತ್ತರ ಗುಣವಿತ್ತು. ಅಲ್ಲಿ ಹತ್ತು ಕೆಜಿ ರಾಗಿ ಹಾಕಿದರೆ ಹತ್ತು ಕೆಜಿಗಿಂತ ತುಸು ಹೆಚ್ಚೇ ಹಿಟ್ಟು ಬರುತ್ತಿತ್ತು. ಭೂಮಂಡಲದ ಉಳಿದ ಗಿರಣಿಗಳೆಲ್ಲ ಕಲ್ಲಿಗಿಷ್ಟು, ಗಾಳಿಗಿಷ್ಟು ಎಂದು ಕಾಲು ಕೆಜಿ ನುಂಗಿ ನೀರು ಕುಡಿಯುವಾಗ ಈ ಗಿರಣಿಯೊಂದು ಮಾತ್ರ ಪ್ರಕೃತಿ ನಿಯಮಕ್ಕೆ ಸೆಡ್ಡು ಹೊಡೆದು ನಿಂತಿತ್ತು. ಗುಟ್ಟು ಯಂತ್ರದಲ್ಲಿರಲಿಲ್ಲ, ಮಾಲೀಕರ ಬಲಗೈಯಲ್ಲಿತ್ತು. ಹಿಟ್ಟು ತೂಗಿ ಚೀಲದ ಬಾಯಿ ಕಟ್ಟುವ ಮುನ್ನ ಅವರು ತಮ್ಮ ಸ್ವಂತ ಡಬ್ಬದಿಂದ ಒಂದು ಹಿಡಿ ತೆಗೆದು ಮೇಲೆ ಸುರಿಯುತ್ತಿದ್ದರು. ಅದು ಕೊಸರು.

"ಅಳತೆ ಗಿರಾಕೀದು, ಕೊಸರು ದೇವರದು" ಎಂದು ಗಿರಣಿ ಹಾಕಿದ ತಂದೆ ಪುಟ್ಟಯ್ಯನವರು ಹೇಳಿಕೊಟ್ಟಿದ್ದರು. ಮಗ ಆ ಮಾತನ್ನು ಗಿರಣಿಯಾಚೆಗೂ ಹಬ್ಬಿಸಿದರು. ಶಾಲೆಯಲ್ಲಿ ಮೇಷ್ಟ್ರು ಹತ್ತು ಲೆಕ್ಕ ಕೊಟ್ಟರೆ ಗಂಗಾಧರ ಹನ್ನೊಂದು ಮಾಡುತ್ತಿದ್ದ. ಹನ್ನೊಂದನೆಯದು ತಪ್ಪಾಗಿ, ಸರಿಯಿದ್ದ ಹತ್ತರ ಅಂಕವೂ ಕಡಿಮೆಯಾಗುತ್ತಿತ್ತು. ತರೀಕೆರೆಯಲ್ಲೊಮ್ಮೆ ರಕ್ತದಾನ ಮಾಡಲು ಮಲಗಿದ್ದಾಗ ನರ್ಸಮ್ಮ ಸೂಜಿ ತೆಗೆಯಲು ಬಂದರೆ, "ಇನ್ನೊಂದು ಚೂರು ತಗೊಳ್ಳಿ ತಾಯಿ, ಸಂಕೋಚ ಬೇಡ" ಎಂದು ಕೈ ಹಿಡಿದುಕೊಂಡಿದ್ದರಂತೆ. ಅವರ ಪ್ರಕಾರ ಸೊನ್ನೆಯಲ್ಲಿ ಮುಗಿಯುವ ಸಂಖ್ಯೆ ಎಂದರೆ ಕುಂಕುಮವಿಲ್ಲದ ಆಮಂತ್ರಣ ಪತ್ರಿಕೆ. ನೂರು ಕೊಡುವ ಕಡೆ ನೂರೊಂದು, ಐನೂರರ ಕಡೆ ಐನೂರೊಂದು. ಇಷ್ಟಾದರೂ ಕೊಸರು ಅಳತೆಗೆ ಸೇರುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಐದು ಸೇರಿಗೆ ಕೊಸರು ಹಾಕಿದರೂ ಅದು ಐದೇ ಸೇರು. ಇದನ್ನು ಒಪ್ಪದವರು ಬೇರೆ ಗಿರಣಿಗೆ ಹೋಗಬಹುದಿತ್ತು, ಯಾರೂ ಹೋಗಲಿಲ್ಲ.

ಈ ಮಹಾನುಭಾವರಿಗೆ ಬುಕ್ಕಾಂಬುಧಿಯಲ್ಲಿ ಒಬ್ಬ ಅಕ್ಕ ಇದ್ದರು, ತೀರ್ಥಮ್ಮ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಎರಡು ಎಮ್ಮೆ ಕಟ್ಟಿಕೊಂಡು, ಕೆರೆಯಂಚಿನ ಹುಲ್ಲು ಮೇಯಿಸಿಕೊಂಡು, ತುಪ್ಪ ಮಾರಿ ಬದುಕುತ್ತಿದ್ದ ಅವರಿಗೆ ಒಂದೇ ಆಸೆ: ಕಾಶಿ ನೋಡಬೇಕು. ಕಾಶಿಗೆ ಸಾಕಾಗುವಷ್ಟು ಹಣ ಅದುವರೆಗೆ ಮೂರು ಸಲ ಕೂಡಿತ್ತು, ಮೂರು ಸಲವೂ ಕಡೂರಿಗೆ ಹೋಗಿ ನಿಂತಿತ್ತು. ಕಡೂರಿನಲ್ಲಿ ಅವರ ಮೈದುನನ ಮಗ ವಿಜಯ್ ಮೊಬೈಲ್ ಅಂಗಡಿ ಇಟ್ಟಿದ್ದ. ಮೊದಲ ಕಾಶಿಯಲ್ಲಿ ಆ ಅಂಗಡಿಗೆ ಗಾಜಿನ ಕೌಂಟರ್ ಬಂತು, ಎರಡನೆಯ ಕಾಶಿಯಲ್ಲಿ ಏಸಿ ಬಂತು, ಮೂರನೆಯದರಲ್ಲಿ ರಾತ್ರಿಯಿಡೀ ಮಿನುಗುವ ನಾಮಫಲಕ ಬಂತು. ಪಾಪ, ತೀರ್ಥಮ್ಮನ ನಾಲಿಗೆಗೆ 'ಇಲ್ಲ' ಎನ್ನುವ ಪದ ಹತ್ತುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ನಾಲ್ಕನೆಯ ಸಲ ಐವತ್ತು ಸಾವಿರ ಕೂಡಿದಾಗ ತೀರ್ಥಮ್ಮ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ನೆಟ್ಟಗೆ ತಮ್ಮನ ಗಿರಣಿಗೆ ಬಂದರು.

"ಲೇ ಗಂಗಾಧರ, ಕೇಳಿದೋರಿಗೆ ಕೊಡೋಕೇ ಆಗದಂಗೆ ಇದನ್ನ ಎಲ್ಲಾದ್ರೂ ಇಡಪ್ಪಾ."

"ಬ್ಯಾಂಕಲ್ಲಿ ಇಡಕ್ಕ."

"ಬ್ಯಾಂಕಿನ ಮೆಸೇಜ್ ನನಗೆ ಓದೋಕೆ ಬರಲ್ಲ. ಓದಿಸೋಕೆ ವಿಜಯನತ್ರಾನೇ ಹೋಗ್ಬೇಕು. ಅವನು ಓದ್ತಾ ಓದ್ತಾನೇ ಅಳ್ತಾನೆ ಕಣೋ."

ಗಂಗಾಧರಯ್ಯನವರ ಮಗಳು ಸ್ಫೂರ್ತಿ ಅಲ್ಲೇ ಇದ್ದಳು. ತರೀಕೆರೆಯ ಒಂದು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವಳು ದಿನಾ ಬಸ್ಸಿನಲ್ಲಿ ಓಡಾಡುತ್ತ, ಬಸ್ಸಿನಲ್ಲೇ ಉತ್ತರಪತ್ರಿಕೆ ತಿದ್ದುತ್ತ, ಮಕ್ಕಳ ತಪ್ಪುಗಳಿಗೆ ಕಿಟಕಿಯ ಕಡೆ ತಿರುಗಿ ನಿಟ್ಟುಸಿರು ಬಿಡುತ್ತಿದ್ದ ಹುಡುಗಿ.

"ಒಂದು ಜಾಗ ಇದೆ ಅತ್ತೆ. ಬಿಟ್‌ಕಾಯಿನ್ ಅಂತ. ಕೀಲಿ ನಮ್ಮತ್ರಾನೇ ಇರುತ್ತೆ, ಅದಿಲ್ದೆ ಯಾರೂ ಮುಟ್ಟೋಕಾಗಲ್ಲ. ಆದ್ರೆ ಬೆಲೆ ಏರುತ್ತೆ, ಇಳಿಯುತ್ತೆ. ನಾಳೆ ಅರ್ಧ ಆದ್ರೂ ನನ್ನ ಬೈಬಾರ್ದು."

"ಅರ್ಧ ಆದ್ರೆ ಇನ್ನರ್ಧ ಉಳಿಯುತ್ತಲ್ಲೇ? ವಿಜಯನ ಕೈಗೆ ಹೋದ್ರೆ ಅದೂ ಇಲ್ಲ. ಇಡು."

ಹೀಗೆ ಬುಕ್ಕಾಂಬುಧಿಯ ಎಮ್ಮೆಗಳ ತುಪ್ಪ ಡಿಜಿಟಲ್ ಯುಗಕ್ಕೆ ಕಾಲಿಟ್ಟಿತು. ಅಕ್ಕನ ಐವತ್ತು ಸಾವಿರಕ್ಕೆ ಗಂಗಾಧರಯ್ಯನವರು ತಮ್ಮದೊಂದು ನೂರೊಂದು ರೂಪಾಯಿ ಸೇರಿಸಿದರು. ಯಾಕೆಂದು ಹೇಳಬೇಕಾಗಿಲ್ಲ.

"ಮೊದಲು ಒಂದು ಸಂಖ್ಯೆ ಬೇಕು" ಎಂದಳು ಸ್ಫೂರ್ತಿ. "ಯಾರೂ ಊಹಿಸೋಕಾಗದ ಸಂಖ್ಯೆ. ಅದೇ ನಮ್ಮ ಗುಟ್ಟಿನ ಕೀಲಿ."

"ನಾನು ಹುಟ್ಟಿದ ತಾರೀಕು ಹಾಕು."

"ಅದು ಇಡೀ ಊರಿಗೆ ಗೊತ್ತು ಅಪ್ಪ."

"ಗಿರಣಿ ಕರೆಂಟ್ ಮೀಟರ್ ನಂಬರು?"

"ಮನುಷ್ಯರು ಯೋಚನೆ ಮಾಡಿದ್ದು ಯಾವುದೂ ಬೇಡ. ನಾಣ್ಯ ಚಿಮ್ಮಬೇಕು. ತಲೆ ಬಿದ್ರೆ ಒಂದು, ಇನ್ನೊಂದು ಕಡೆ ಬಿದ್ರೆ ಸೊನ್ನೆ. ಇನ್ನೂರೈವತ್ತಾರು ಸಲ."

ಗಂಗಾಧರಯ್ಯನವರು ಪಂಚೆ ಮೇಲೆತ್ತಿ ಕಟ್ಟಿಕೊಂಡು ಎರಡು ರೂಪಾಯಿ ನಾಣ್ಯ ಹಿಡಿದು ನಿಂತದ್ದನ್ನು ನೋಡಿದವರಿಗೆ ಗಾಂಡೀವ ಎತ್ತಿದ ಅರ್ಜುನ ಜ್ಞಾಪಕಕ್ಕೆ ಬಂದಿದ್ದರೆ ಆಶ್ಚರ್ಯವಿಲ್ಲ. ಅಮೃತಾಪುರದಿಂದ ಅಕ್ಕಿ ಬೀಸಿಸಲು ಬಂದಿದ್ದ ಜವರಯ್ಯನಿಗೆ ಮಾತ್ರ ಬೇರೆಯೇ ಜ್ಞಾಪಕ ಬಂತು. ಅರವತ್ತು ಸಲ ಚಿಮ್ಮುವವರೆಗೂ ಸುಮ್ಮನೆ ನೋಡಿ ಆತ ಕೇಳಿದ:

"ಅಲ್ಲ ಸ್ವಾಮಿ, ಟಾಸ್ ಗೆದ್ದೋರು ಯಾರು? ಬ್ಯಾಟಿಂಗೋ ಬೌಲಿಂಗೋ ಬೇಗ ಹೇಳ್ಬಿಡಿ, ನನಗೆ ಬಸ್ಸಿದೆ."

ನೂರಾ ಹದಿನೇಳನೆಯ ಸಲ ನಾಣ್ಯ ಗಿರಣಿಯ ಬಾಯಿಗೆ ಬಿದ್ದು, ಮೋಟಾರು ನಿಲ್ಲಿಸಿ, ಕಲ್ಲು ಬಿಚ್ಚಿ ತೆಗೆಯಬೇಕಾಯಿತು. ಆ ಸಲದ್ದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ತಂದೆಮಗಳಿಗೆ ಚರ್ಚೆಯಾಯಿತು. ಕೊನೆಗೂ ಇನ್ನೂರೈವತ್ತಾರು ಮುಗಿದಾಗ ಗಂಗಾಧರಯ್ಯನವರು ಇನ್ನೊಂದು ಸಲ ಚಿಮ್ಮಲು ಕೈಯೆತ್ತಿದರು. ಸ್ಫೂರ್ತಿ ನಾಣ್ಯವನ್ನೇ ಕಿತ್ತುಕೊಂಡಳು.

ಇಂಟರ್‌ನೆಟ್ ಸಂಪರ್ಕವಿಲ್ಲದ, ಆಫ್ ಮಾಡಿದ ತಕ್ಷಣ ಎಲ್ಲವನ್ನೂ ಮರೆತುಬಿಡುವಂತೆ ಸಿದ್ಧ ಮಾಡಿಕೊಂಡಿದ್ದ ಲ್ಯಾಪ್‌ಟಾಪಿಗೆ ಅವಳು ಆ ತಲೆಬುಡಗಳನ್ನೆಲ್ಲ ತುಂಬಿದಳು. ನಾಲ್ಕು ಚಿಮ್ಮಿಗೆ ಒಂದು ಗುರುತು. ಸೊನ್ನೆಯಿಂದ ಒಂಬತ್ತು, ಆಮೇಲೆ ಎ ಇಂದ ಎಫ್. ಒಟ್ಟು ಅರವತ್ತನಾಲ್ಕು ಗುರುತಿನ ಕೀಲಿ.

"ಇದನ್ನ ಈಗ ಬೀಸಬೇಕು" ಎಂದಳು.

ಗಂಗಾಧರಯ್ಯನವರ ಕಿವಿ ನೆಟ್ಟಗಾಯಿತು. ಬೀಸುವ ವಿಷಯ ಅವರ ಸಾಮ್ರಾಜ್ಯ.

"ಒಂದು ವಕ್ರರೇಖೆ ಇದೆ ಅಪ್ಪ. ಅದರ ಮೇಲೆ ಎಲ್ಲರಿಗೂ ಗೊತ್ತಿರೋ ಒಂದು ಚುಕ್ಕೆ. ಆ ಚುಕ್ಕೆಯಿಂದ ಶುರುಮಾಡಿ ನಮ್ಮ ಸಂಖ್ಯೆ ಎಷ್ಟಿದೆಯೋ ಅಷ್ಟು ಹೆಜ್ಜೆ ಜಿಗೀಬೇಕು. ಕೊನೆಗೆ ನಿಂತ ಜಾಗವೇ ಬಹಿರಂಗದ ಕೀಲಿ. ಆ ಜಾಗ ನೋಡಿ, ಎಷ್ಟು ಹೆಜ್ಜೆ ಹಾಕಿ ಬಂದ್ರು ಅಂತ ಯಾರಿಗೂ ಹೇಳೋಕಾಗಲ್ಲ."

"ಎಷ್ಟು ಹೆಜ್ಜೆ ಇರುತ್ತೇ?" ಎಂದರು ತೀರ್ಥಮ್ಮ.

"ಬರೆದ್ರೆ ಹತ್ತಿರ ಹತ್ತಿರ ಎಪ್ಪತ್ತೆಂಟು ಅಂಕಿ ಆಗುತ್ತೆ ಅತ್ತೆ."

"ಶಿವನೇ! ಕಾಲು ನೋಯಲ್ವೇನೇ ಅದಕ್ಕೆ?"

"ಅಡ್ಡದಾರಿ ಇದೆ. ಹೋಗೋಕೆ ಮಾತ್ರ. ವಾಪಸ್ ಬರೋಕೆ ಇಲ್ಲ."

"ಸರಿ ಬಿಡು. ಅದು ಕಾಶಿ ಇದ್ದಂಗೆ."

"ನಿಂತ ಜಾಗಾನ ಮತ್ತೆ ಎರಡು ಸಲ ನುಣ್ಣಗೆ ಬೀಸ್ತಾರೆ. ಆಮೇಲೆ ಕೊನೇಲಿ ಒಂದು ತಾಳೆ ನೋಡೋ ಬಾಲ ಅಂಟಿಸಿ ಅಕ್ಷರಗಳಲ್ಲಿ ಬರೀತಾರೆ. ಅದೇ ವಿಳಾಸ. ವಿಳಾಸದಲ್ಲಿ ಒಂದಕ್ಷರ ತಪ್ಪಿ ಬರೆದ್ರೂ ಬಾಲ ತಾಳೆ ಆಗ್ದೆ ಸಿಕ್ಕಿಬೀಳುತ್ತೆ. ನೋಡೋಕೆ ಒಂದೇ ಥರ ಇರ್ತಾವೆ ಅಂತ ಸೊನ್ನೆ, ದೊಡ್ಡ ಓ, ದೊಡ್ಡ ಐ, ಸಣ್ಣ ಎಲ್, ಈ ನಾಲ್ಕನ್ನ ವಿಳಾಸದೊಳಗೆ ಸೇರಿಸೋದೇ ಇಲ್ಲ."

"ಸೊನ್ನೆ ಸೇರಿಸಲ್ವಾ?" ಗಂಗಾಧರಯ್ಯನವರ ಮುಖ ಅರಳಿತು. "ಹಂಗಾದ್ರೆ ಮರ್ಯಾದಸ್ಥರೇ ಮಾಡಿರೋದು."

"ಒಟ್ಟಿನಲ್ಲಿ ಅಪ್ಪ, ರಾಗಿ ಹಾಕಿದ್ರೆ ಹಿಟ್ಟು ಬರುತ್ತೆ, ಹಿಟ್ಟನ್ನ ತಿರುಗಿ ಹಾಕಿದ್ರೆ ರಾಗಿ ಬರಲ್ಲ. ಅದೇ ರಾಗಿ ಹಾಕಿದ್ರೆ ಯಾವತ್ತೂ ಅದೇ ಹಿಟ್ಟು. ಆದ್ರೆ ನಿನ್ನ ಗಿರಣಿಗೂ ಇದಕ್ಕೂ ಒಂದು ವ್ಯತ್ಯಾಸ. ಇಲ್ಲಿ ಒಂದೇ ಒಂದು ಕಾಳು ಹೆಚ್ಚಾದ್ರೂ ಬರೋದು ಬೇರೆಯೇ ಹಿಟ್ಟು. ಹೋಲಿಕೆಯೇ ಇರಲ್ಲ."

ಗಂಗಾಧರಯ್ಯನವರು ಗಂಭೀರವಾಗಿ ತಲೆಯಾಡಿಸಿದರು. ಎಲ್ಲ ಅರ್ಥವಾಗಿತ್ತು.

ಲ್ಯಾಪ್‌ಟಾಪ್ ಉಗುಳಿದ ವಿಳಾಸ 'ಒಂದು, ದೊಡ್ಡ ಎಚ್, ಏಳು' ಎಂದು ಶುರುವಾಗುತ್ತಿತ್ತು. ಸ್ಫೂರ್ತಿ ಅದನ್ನೊಂದು ಕಾಗದಕ್ಕೆ ಇಳಿಸಿ ತೀರ್ಥಮ್ಮನಿಗೆ ಕೊಟ್ಟಳು. ಕೀಲಿಯನ್ನು ಮಾತ್ರ ಅಪ್ಪನೇ ಸ್ವಹಸ್ತದಿಂದ ಬರೆದಿಡಬೇಕೆಂದು ತೀರ್ಮಾನವಾಯಿತು. ಅವಳು ಒಂದೊಂದಾಗಿ ಓದಿದಳು, ಅವರು ಉಸಿರು ಬಿಗಿಹಿಡಿದು ಬರೆದರು. ಅರವತ್ತು ಮುಗಿಯಿತು. "ಸಿ, ನಾಲ್ಕು, ಒಂಬತ್ತು, ಸೊನ್ನೆ. ಆಯ್ತು."

ಪೆನ್ನು ನಿಂತಿತು. ಅಕ್ಕನ ಕಾಶಿ. ಅದರ ಕೀಲಿ. ಕೊನೆಯಲ್ಲಿ ಬೋಳು ಸೊನ್ನೆ! ಬೇರೆಯವರಾಗಿದ್ದರೆ ಬರೆದುಬಿಡುತ್ತಿದ್ದರು. ಗಂಗಾಧರಯ್ಯನವರು ಗೋಡೆಯ ಮೇಲಿದ್ದ ತಂದೆಯ ಫೋಟೋ ನೋಡಿದರು, ಒಂದು ಹಿಡಿ ಹಿಟ್ಟು ಸುರಿಯುವಷ್ಟೇ ಸಹಜವಾಗಿ ಸೊನ್ನೆಗೆ ಒಂದು ಸೇರಿಸಿದರು, ಪುಟದಲ್ಲಿ 'ಒಂದು' ಎಂದೇ ಬರೆದರು.

"ಸರಿಯಾಗಿ ಬರ್ಕೊಂಡ್ಯಾ ಅಪ್ಪ?"

"ಅರವತ್ತನಾಲ್ಕೂ."

ಸುಳ್ಳಲ್ಲ. ಅರವತ್ತನಾಲ್ಕೇ ಇದ್ದವು. ಉತ್ತರ ತಾಳೆ ನೋಡದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಗಣಿತದ ಮೇಡಂ, ಬಸ್ಸಿನ ಹಾರನ್ ಕೇಳಿದ್ದರಿಂದ, ಅಪ್ಪನ ಬರಹವನ್ನು ತಾಳೆ ನೋಡದೆ ಲ್ಯಾಪ್‌ಟಾಪ್ ಆಫ್ ಮಾಡಿದಳು. ನಾಣ್ಯದ ಲೆಕ್ಕ ಬರೆದಿದ್ದ ಹಾಳೆಯನ್ನು ಒಲೆಗೆ ಹಾಕಿದರು. ಮರುದಿನ ಹಣವೆಲ್ಲ ಬಿಟ್‌ಕಾಯಿನ್ ಆಗಿ 'ದೊಡ್ಡ ಎಚ್' ವಿಳಾಸಕ್ಕೆ ಸೇರಿತು. ಕೀಲಿಯ ಪುಟ ಪುಟ್ಟಯ್ಯನವರ ಫೋಟೋದ ಹಿಂದೆ ಸೇರಿತು. ಈ ಜಾಗ ಪರಮರಹಸ್ಯವಾಗಿತ್ತು. ಗಂಗಾಧರಯ್ಯನವರು ನಂಬಿಕಸ್ಥರಿಗೆ ಬಿಟ್ಟು ಬೇರಾರಿಗೂ ಹೇಳಲಿಲ್ಲ. ಅಜ್ಜಂಪುರದಲ್ಲಿ ಅವರಿಗೆ ನಂಬಿಕಸ್ಥರಲ್ಲದವರು ಇರಲೂ ಇಲ್ಲ.

ನಾಲ್ಕು ವರ್ಷ ಕಳೆಯಿತು. ಇಳಿದಾಗ ತೀರ್ಥಮ್ಮ ಬೈಯಲಿಲ್ಲ, ಏರಿದಾಗ ಹಿಗ್ಗಲಿಲ್ಲ. ವಿಜಯ್ ಬಂದು ಅತ್ತಾಗಲೆಲ್ಲ, "ಅದು ಗಂಗಾಧರನ ಗೋಡೆ ಹಿಂದೆ ಕೂತಿದೆ ಕಣಪ್ಪಾ, ನಾನು ಹೇಗೆ ತೆಗೀಲಿ?" ಎಂದು ಕಣ್ಣೊರೆಸಿ ಕಳಿಸುತ್ತಿದ್ದರು. ಹೋದ ಮಾಘದಲ್ಲಿ ತರೀಕೆರೆಯ ಹನ್ನೊಂದು ಜನ ಹೆಂಗಸರು ಕಾಶಿಗೆ ಹೊರಟರು. ಒಂದು ಸೀಟು ಉಳಿದಿತ್ತು. ಸೋಮವಾರ ಸಂಜೆಯೊಳಗೆ ಹಣ ಕಟ್ಟಿದರೆ ತೀರ್ಥಮ್ಮನದು, ಇಲ್ಲದಿದ್ದರೆ ಬೇರೆಯವರದು. ಅರವತ್ತೆಂಟು ವಯಸ್ಸಿನ ಮಂಡಿ ಮುಂದಿನ ಮಾಘಕ್ಕೆ ಮೆಟ್ಟಿಲಿಳಿಯುತ್ತದೆಂಬ ಖಾತ್ರಿ ಯಾರಿಗಿತ್ತು?

ಭಾನುವಾರ ಬೆಳಗ್ಗೆ ಗಿರಣಿಯಲ್ಲಿ ಸಭೆ ಸೇರಿತು. ತೀರ್ಥಮ್ಮ ರಾಗಿ ಮೂಟೆಯ ಮೇಲೆ ಕೂತರು. ಸ್ಫೂರ್ತಿ ಲ್ಯಾಪ್‌ಟಾಪನ್ನು ತಕ್ಕಡಿಯ ಮೇಲಿಟ್ಟಳು; ತಕ್ಕಡಿ ಒಂದು ಕೆಜಿ ಎಂಟುನೂರು ಗ್ರಾಂ ಎಂದು ತೋರಿಸಿತು. ಗಂಗಾಧರಯ್ಯನವರು ಕೈಮುಗಿದು ತಂದೆಯ ಫೋಟೋ ಇಳಿಸಿ, ಪುಟ ತೆಗೆದು, ಮಗಳ ಕೈಗೆ ಕೊಟ್ಟರು. ಅವಳು ಅರವತ್ತನಾಲ್ಕು ಗುರುತನ್ನೂ ಒತ್ತಿದಳು.

ಬಂದದ್ದು 'ಒಂದು, ದೊಡ್ಡ ಕೆ, ಸಣ್ಣ ವಿ'.

ಅವಳು ಮತ್ತೆ ಒತ್ತಿದಳು. ಮತ್ತೆ ಸಣ್ಣ ವಿ. ಅತ್ತೆಯ ಹತ್ತಿರವಿದ್ದ ಕಾಗದದಲ್ಲಿ ದೊಡ್ಡ ಎಚ್. ಒಂದಕ್ಕೂ ಇನ್ನೊಂದಕ್ಕೂ ಮೊದಲಕ್ಷರ ಬಿಟ್ಟರೆ ನೆಂಟಸ್ತಿಕೆಯೇ ಇರಲಿಲ್ಲ. ಆ ಹೊಸ ವಿಳಾಸವನ್ನು ಫೋನಿನಲ್ಲಿ ಹುಡುಕಿದಳು: ಖಾಲಿ. ಯಾವತ್ತೂ ಒಂದು ಬಿಡಿಗಾಸು ಬಂದ ಗುರುತಿಲ್ಲ.

"ದುಡ್ಡು ಎಲ್ಲಿ ಹೋಯ್ತೇ?" ತೀರ್ಥಮ್ಮನ ದನಿ ಸಣ್ಣಗಾಯಿತು.

"ಎಲ್ಲೂ ಹೋಗಿಲ್ಲ ಅತ್ತೆ. ಎಚ್ ವಿಳಾಸದಲ್ಲೇ ಇದೆ, ನೋಡಿ, ಮೂರು ಪಟ್ಟಾಗಿದೆ. ಇಡೀ ಪ್ರಪಂಚಕ್ಕೆ ಕಾಣುತ್ತೆ. ಈ ಕೀಲಿ ಅದರದ್ದಲ್ಲ, ಅಷ್ಟೇ."

"ತಪ್ಪು ಕೀಲಿ ಅಂದ್ರೆ ತಪ್ಪು ಅಂತ ಹೇಳ್ಬೇಕಲ್ಲಮ್ಮ ಅದು?" ಎಂದರು ಗಂಗಾಧರಯ್ಯನವರು.

"ಹೇಳಲ್ಲ ಅಪ್ಪ. ಇದರಲ್ಲಿ ಎಲ್ಲ ಕೀಲಿಗೂ ಒಂದೊಂದು ಬಾಗಿಲು ತೆಗೆಯುತ್ತೆ. ಬೇರೆಯವರ ಮನೇದು. ವಿಳಾಸಕ್ಕೆ ಬಾಲ ಇದೆ ಅಂದಿದ್ನಲ್ಲ, ನಾವು ಬರೆದಿಟ್ಟ ಕೀಲಿಗೆ ಆ ಬಾಲ ಇಲ್ಲ."

ಗಂಗಾಧರಯ್ಯನವರು ಇಳಿಸಿಟ್ಟ ತಂದೆಯ ಫೋಟೋದ ಕಡೆ ತಿರುಗಿದರು. ನಲವತ್ತು ವರ್ಷದಲ್ಲಿ ಯಾರ ಒಂದು ಹಿಡಿ ಹಿಟ್ಟನ್ನೂ ಕಡಿಮೆ ಮಾಡದವರು ಒಡಹುಟ್ಟಿದವಳ ಕಾಶಿಯನ್ನೇ ಕಡಿಮೆ ಮಾಡಿದರೇ?

"ಅಕ್ಕ, ನಾನು ಗಿರಣಿ ಮಾರಿಯಾದ್ರೂ ನಿನ್ನ ಕಳಿಸ್ತೀನಿ."

"ನಿನ್ನ ಗಿರಣಿ ತಗೊಂಡೋನು ಮೂರೇ ತಿಂಗಳಿಗೆ ದಿವಾಳಿ ಆಗ್ತಾನೆ. ಸುಮ್ನಿರು."

ತಜ್ಞರೊಬ್ಬರು ಬೇಕು ಎಂದು ಗಂಗಾಧರಯ್ಯನವರಿಗೆ ಹೊಳೆಯಿತು. ತಜ್ಞ ಎಂದರೆ ವಿಜಯ್. ಅಂಗಡಿ, ಏಸಿ, ಮಿನುಗುವ ಫಲಕ, ಎಲ್ಲ ಇದ್ದವನು. ಮಗಳು ಬೇಡ ಬೇಡ ಎನ್ನುವಷ್ಟರಲ್ಲಿ ಫೋನ್ ಹೋಗಿಯಾಗಿತ್ತು. "ಏನೋ ತೊಂದ್ರೆ ಆಗಿದೆ, ಬೇಗ ಬಾರಪ್ಪಾ" ಎಂದಷ್ಟೇ ಹೇಳಿದ್ದರು. ಗಂಟೆ ಹೊಡೆಯುವುದರೊಳಗೆ ವಿಜಯ್ ಬೈಕಿನಲ್ಲಿ ಬಂದಿಳಿದ. ಗೋಡೆಯಿಂದ ಇಳಿದ ಫೋಟೋ ನೋಡಿದ, ದೊಡ್ಡಮ್ಮನ ಒದ್ದೆ ಕಣ್ಣು ನೋಡಿದ, ಧಾರಾಳವಾಗಿ ಕೈಯಾಡಿಸಿದ.

"ಬಿಟ್‌ಕಾಯಿನ್ ವಿಷ್ಯ ತಾನೇ ಮಾವ? ಬಿಟ್ಬಿಡಿ. ಅದು ಖಾಲಿ ವಿಳಾಸ. 'ದೊಡ್ಡ ಕೆ ಸಣ್ಣ ವಿ' ತಾನೇ? ಅದರಲ್ಲಿ ಒಂದು ರೂಪಾಯೀನೂ ಬಂದಿಲ್ಲ. ನಿಮಗೆ ಯಾರೋ ಟೋಪಿ ಹಾಕಿದಾರೆ."

ಅಂದೂ ಬೀಸಿಸಲು ಬಂದು, ಮೂಲೆಯಲ್ಲಿ ಓಡುತ್ತಿದ್ದ ಗಿರಣಿಗೆ ಅಕ್ಕಿ ಸುರಿಯುತ್ತಿದ್ದ ಜವರಯ್ಯ ತಿರುಗಿ ನೋಡಿದ.

"ವಿಜಯ್" ಎಂದಳು ಸ್ಫೂರ್ತಿ, ತರಗತಿಯಲ್ಲಿ ಕಾಪಿ ಹೊಡೆದವನನ್ನು ಎಬ್ಬಿಸುವ ಮೆತ್ತನೆಯ ದನಿಯಲ್ಲಿ. "ನಾವು ಊರಿಗೆಲ್ಲ ತೋರಿಸಿರೋದು ಎಚ್ ವಿಳಾಸ. ಈ ಕೆ ವಿಳಾಸ ಹುಟ್ಟಿದ್ದೇ ಒಂದು ಗಂಟೆ ಹಿಂದೆ, ನನ್ನ ಕಣ್ಮುಂದೆ. ಇದು ಬರೋದು ಈ ಪುಟದಲ್ಲಿರೋ ಕೀಲಿಯಿಂದ ಮಾತ್ರ. ನಿನಗೆ ಹೇಗೆ ಗೊತ್ತಾಯ್ತು?"

ವಿಜಯ್ ಗೋಡೆಯ ಖಾಲಿ ಮೊಳೆಯ ಕಡೆ ಕೈ ತೋರಿಸಿದ.

"ಅದು... ಮೊನ್ನೆ ದುಡ್ಡು ಸ್ಕ್ಯಾನ್ ಮಾಡೋ ಸ್ಟ್ಯಾಂಡ್ ಹಾಕೋಕೆ ಬಂದಿದ್ನಲ್ಲ ಮಾವ, ತಾತನ ಫೋಟೋ ಸೊಟ್ಟಗಿತ್ತು. ನೆಟ್ಟಗೆ ಮಾಡಿದೆ. ಹಂಗೇ ಒಂದು ಫೋಟೋ ಬಿದ್ಬಿಡ್ತು ಮೊಬೈಲಲ್ಲಿ. ಸೇಫಾಗಿದ್ಯಾ ಅಂತ ಸುಮ್ನೆ ಚೆಕ್ ಮಾಡಿದೆ ದೊಡ್ಡಮ್ಮ, ನಿಮ್ಮ ಒಳ್ಳೇದಕ್ಕೆ."

"ಖಾಲಿ ಇಲ್ದಿದ್ರೆ ಏನು ಮಾಡ್ತಿದ್ದೆ ನನ್ನ ಒಳ್ಳೇದಕ್ಕೆ?" ಎಂದರು ತೀರ್ಥಮ್ಮ.

ಸ್ಫೂರ್ತಿಗೆ ಅವನ ಕಡೆ ನೋಡುವಷ್ಟು ಪುರುಸೊತ್ತೂ ಇರಲಿಲ್ಲ. "ಬರೆಯೋವಾಗ ಎಲ್ಲೋ ಒಂದು ಗುರುತು ತಪ್ಪಿರಬೇಕು" ಎಂದು ಗೊಣಗಿದಳು. "ಅರವತ್ತನಾಲ್ಕು ಜಾಗ, ಒಂದೊಂದರಲ್ಲೂ ಹದಿನೈದು ಬದಲಿ. ಒಂಬೈನೂರ ಅರವತ್ತು ಆಗುತ್ತೆ. ಎಲ್ಲ ಹಾಕಿ ನೋಡ್ತೀನಿ. ಅದಕ್ಕೂ ಮುಂಚೆ ಅಪ್ಪ, ನೀನು ಬರೆದದ್ದನ್ನಲ್ಲ, ಅವತ್ತು ನಾನು ಹೇಳಿದ್ದನ್ನ ಜ್ಞಾಪಿಸಿಕೊಂಡು ಓದು. ಎಲ್ಲಾದ್ರೂ ಅನುಮಾನ ಬಂದ್ರೆ ನಿಲ್ಲಿಸು."

ಗಂಗಾಧರಯ್ಯನವರು ಕನ್ನಡಕ ಏರಿಸಿ ಓದಿದರು. ಎಲ್ಲೂ ಅನುಮಾನವಿರಲಿಲ್ಲ, ಅವರ ಅಕ್ಷರ ಮುತ್ತು. ಕೊನೆಗೆ ಬಂದರು.

"...ಸಿ, ನಾಲ್ಕು, ಒಂಬತ್ತು, ಸೊನ್ನೆ."

"ಸೊನ್ನೆ?" ಸ್ಫೂರ್ತಿ ಪುಟವನ್ನು ಕಸಿದುಕೊಂಡಳು. "ಇಲ್ಲಿ ಒಂದು ಅಂತಿದೆ!"

"ಹೂಂ. ನೀನು ಹೇಳಿದ್ದು ಸೊನ್ನೆ. ಅದು ಕೊಸರು ಸೇರಿ ಒಂದಾಯ್ತು."

"ಅಪ್ಪಾ!"

"ಕೊಸರು ಲೆಕ್ಕಕ್ಕಿಲ್ಲ ಕಣಮ್ಮ" ಎಂದು ಅವರು ತಿಳಿಹೇಳಿದರು. ಇಷ್ಟು ಓದಿದ ಹುಡುಗಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ಅವರಿಗೆ ನಿಜಕ್ಕೂ ಬೇಸರವಾಗಿತ್ತು.

"ಒಂದು ಕಾಳು ಹೆಚ್ಚಾದ್ರೆ ಬೇರೆ ಹಿಟ್ಟು ಅಂತ ಅವತ್ತೇ..." ಎಂದವಳು ಮಾತು ನಿಲ್ಲಿಸಿದಳು. ಲ್ಯಾಪ್‌ಟಾಪ್ ಕಡೆ ತಿರುಗಿದಳು. ಆದರೆ ಅವಳಿಗಿಂತ ಮೊದಲು ಇನ್ನೊಬ್ಬರು ತಿರುಗಿಯಾಗಿತ್ತು.

ಗಂಗಾಧರಯ್ಯನವರು ಅದನ್ನು ನೋಡಿದರು. ವಿಜಯ್ ಕಂಬಕ್ಕೆ ಒರಗಿ, ಯಾರಿಗೂ ಕಾಣದಂತೆ ಜೇಬಿನಿಂದ ಮೊಬೈಲ್ ತೆಗೆದು, ಹೆಬ್ಬೆರಳಿನಿಂದ ಏನನ್ನೋ ತಿದ್ದುತ್ತಿದ್ದ. ಫೋಟೋದಲ್ಲಿ ಅರವತ್ತಮೂರು ಗುರುತು ಅವನ ಬಳಿ ಮೊದಲೇ ಇದ್ದವು. ಅರವತ್ತನಾಲ್ಕನೆಯದನ್ನು ಈಗಷ್ಟೇ ಗಂಗಾಧರಯ್ಯನವರು ಘಂಟಾಘೋಷವಾಗಿ ಸಾರಿದ್ದರು.

ಅಜ್ಜಂಪುರದ ಇತಿಹಾಸಕಾರರು ಮುಂದಿನ ಕ್ಷಣವನ್ನು ಇನ್ನೂ ದಾಖಲಿಸಿಲ್ಲವೆಂಬುದು ನಾಚಿಕೆಗೇಡು. ಅರವತ್ತಕ್ಕೆ ಎರಡೇ ವರ್ಷ ಬಾಕಿಯಿದ್ದ, ಒಂದು ನೊಣಕ್ಕೂ ಗದರದ ಗಂಗಾಧರಯ್ಯನವರು ಎರಡು ಮೂಟೆ ಹಾರಿ, ಒಂದು ತಗಡಿನ ಡಬ್ಬ ಉರುಳಿಸಿ, ಗರುಡನಂತೆ ಎರಗಿ ಆ ಮೊಬೈಲನ್ನು ಕಿತ್ತುಕೊಂಡರು. ಕಿತ್ತುಕೊಂಡ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಎದುರಿಗೆ ಬೀಸಿದ ಹಿಟ್ಟು ಬೀಳುವ ದೊಡ್ಡ ತೊಟ್ಟಿಯಿತ್ತು. ಹಾಕಿಬಿಟ್ಟರು.

"ಸ್ವಾಮೀ! ಅದು ನನ್ ಹಿಟ್ಟು!" ಎಂದು ಜವರಯ್ಯ ಚೀರಿದ.

"ಮಾವ! ಅದು ನನ್ ಫೋನು!" ಎಂದು ವಿಜಯ್ ತೊಟ್ಟಿಗೆ ಧುಮುಕಿದ.

ಇಪ್ಪತ್ತು ಕೆಜಿ ಬಿಸಿ ಅಕ್ಕಿಹಿಟ್ಟಿನಲ್ಲಿ ಒಂದು ಮೊಬೈಲ್ ಹುಡುಕುವುದು ಸಾಮಾನ್ಯ ಕೆಲಸವಲ್ಲ. ವಿಜಯ್ ಭುಜದವರೆಗೆ ಕೈ ಇಳಿಸಿ ತಡಕಿದ, ಜವರಯ್ಯ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದ, ಮೇಲಿನಿಂದ ಗಿರಣಿ ಹೊಸ ಹಿಟ್ಟು ಸುರಿಯುತ್ತಲೇ ಇತ್ತು. ಮೋಟಾರು ನಿಲ್ಲಿಸಬಹುದಿತ್ತು. ಸ್ವಿಚ್ಚಿಗೆ ಅಡ್ಡವಾಗಿ ತೀರ್ಥಮ್ಮ ಮೂಟೆ ಎಳೆದುಕೊಂಡು ಕೂತಿದ್ದರು, ಏಳಲಿಲ್ಲ.

ಇತ್ತ ಸ್ಫೂರ್ತಿ ಕೊನೆಯ ಗುರುತನ್ನು ಸೊನ್ನೆ ಮಾಡಿ ಬೀಸಿದಳು. ಒಂದು, ದೊಡ್ಡ ಎಚ್, ಏಳು. ಉಳಿದ ಅಕ್ಷರಗಳೂ ಒಂದಾದ ಮೇಲೊಂದು ಅತ್ತೆಯ ಕಾಗದದೊಂದಿಗೆ ತಾಳೆಯಾದವು. ಅವಳು ಎಲ್ಲವನ್ನೂ ತನ್ನದೇ ಒಂದು ವಿಳಾಸಕ್ಕೆ ಕಳಿಸಿ, "ಹತ್ತು ನಿಮಿಷ, ಖಾತ್ರಿಯಾಗೋಕೆ ಹತ್ತು ನಿಮಿಷ ಬೇಕು" ಎಂದು ಉಗುರು ಕಚ್ಚಿದಳು. ವಿಜಯನಿಗೆ ಫೋನು ಸಿಕ್ಕಲು ಹನ್ನೊಂದು ನಿಮಿಷ ಹಿಡಿಯಿತು. ಎದ್ದು ನಿಂತಾಗ ರೆಪ್ಪೆಯಿಂದ ಬೂಟಿನವರೆಗೆ ಬೆಳ್ಳಗಾಗಿದ್ದ. ಹಿಮಾಲಯದಿಂದ ಇಳಿದು ಬಂದ ಯಾವ ಸನ್ಯಾಸಿಯೂ ಅಷ್ಟು ಸಮನಾಗಿ ವಿಭೂತಿ ಬಳಿದುಕೊಂಡಿರಲಾರ.

"ಬಂತು" ಎಂದಳು ಸ್ಫೂರ್ತಿ.

ಗಂಗಾಧರಯ್ಯನವರು ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅಕ್ಕ ಬಂದು ತಲೆಯ ಮೇಲಿನ ಹಿಟ್ಟು ಕೊಡವಿದರು.

"ಅವಳು ಹೇಳಿದ್ದನ್ನ ನೀನು ಹೇಳ್ದಂಗೆ ಬರ್ದಿದ್ರೆ ಗೊತ್ತಾ, ಇವನು ಮೊನ್ನೇನೇ ಬಳಿದುಕೊಂಡು ಹೋಗಿರ್ತಿದ್ದ."

"ಅದೇ ಅಲ್ವಾ ಅಕ್ಕ ನಾನೂ ಹೇಳೋದು?" ಎಂದರು ಗಂಗಾಧರಯ್ಯನವರು, ಒಮ್ಮೆಲೇ ಚೇತರಿಸಿಕೊಂಡು. ಸ್ಫೂರ್ತಿ ಹಣೆ ಚಚ್ಚಿಕೊಂಡಳು. ಅಪ್ಪ ತಪ್ಪು ಮಾಡಿದ್ದರು, ತಪ್ಪೇ ಕಾಪಾಡಿತ್ತು. ಇನ್ನು ಮೇಲೆ ಅವರಿಗೆ ಇದು ತಪ್ಪೆಂದು ಮನವರಿಕೆ ಮಾಡಿಕೊಡಲು ಯಾವ ಗಣಿತಕ್ಕೂ ಸಾಧ್ಯವಿರಲಿಲ್ಲ.

ತೆರಿಗೆ ಕಳೆದು ಉಳಿದ ಹಣ ಎರಡು ಕಾಶಿಗೆ ಸಾಕಾಗುವಷ್ಟಿತ್ತು. ತೀರ್ಥಮ್ಮ ಬಿಳಿಯ ಸನ್ಯಾಸಿಯ ಕಡೆ ತಿರುಗಿದರು.

"ಏನಪ್ಪಾ, ಹೆಂಡ್ತಿ ಅನುಷಾಗೆ ಇದನ್ನೆಲ್ಲ ಹೇಳ್ಲೋ, ಇಲ್ಲಾ ನನ್ ಜತೆ ಕಾಶಿಗೆ ಬತ್ತೀಯೋ?"

"ಕಾಶಿಗಾ? ನಾನಾ? ಯಾಕೆ ದೊಡ್ಡಮ್ಮ?"

"ಹನ್ನೆರಡು ಜನ ಹೆಂಗಸ್ರು ಹೊರಟಿದೀವಿ. ಚೀಲ ಹೊರೋಕೆ ಒಂದಾಳು ಬೇಕು."

ಹತ್ತು ದಿನದ ಮೇಲೆ ಮಧ್ಯಾಹ್ನ, ಬೆಂಗಳೂರಿಗೆ ಹೋಗಿ ಅಲ್ಲಿಂದ ಕಾಶಿಯ ರೈಲು ಹಿಡಿಯುವ ದಂಡು ಕಡೂರು ಸ್ಟೇಷನ್ನಿನಲ್ಲಿ ಸೇರಿತು. ಹನ್ನೆರಡು ಹೆಂಗಸರು, ಇಪ್ಪತ್ತೇಳು ಚೀಲ, ಒಬ್ಬ ವಿಜಯ್. ಅವನ ಎರಡು ತೋಳಿಗೂ ಕುತ್ತಿಗೆಗೂ ಚೀಲಗಳಿದ್ದವು. ಹಲ್ಲಿನಲ್ಲಿ ಒಂದು ಸಣ್ಣ ಬುತ್ತಿಯ ಗಂಟು ಕಚ್ಚಿಕೊಂಡಿದ್ದರಿಂದ ಅಳಲು ಅನುಕೂಲವಿರಲಿಲ್ಲ. ರೈಲು ಹೊರಟಿತು. ಗಂಗಾಧರಯ್ಯನವರು ಕಿಟಕಿಯ ಜತೆಜತೆಗೇ ನಡೆದರು. ಅಕ್ಕನಿಗೆ ಏನಾದರೂ ದೊಡ್ಡ ಮಾತು ಹೇಳಬೇಕೆಂದು ಮನೆಯಿಂದ ಯೋಚಿಸಿಕೊಂಡು ಬಂದಿದ್ದರು, ಗಂಟಲಿಗೆ ಬಂದಿತ್ತು ಕೂಡ. ಆದರೆ ತೀರ್ಥಮ್ಮ ಅವರ ಕಡೆ ನೋಡುತ್ತಿರಲಿಲ್ಲ.

"ಆ ನೀಲಿ ಚೀಲ ಸೀಟಿನ ಕೆಳಗಲ್ಲ ಕಣೋ, ಮೇಲೆ!" ಎಂದು ಒಳಗೆ ಕೂಗುತ್ತಿದ್ದರು. "ಅದ್ರಲ್ಲಿ ಉಪ್ಪಿನಕಾಯಿ ಇದೆ. ಮೇಲೆ ಅಂದ್ರೆ ಗೊತ್ತಾಗಲ್ವಾ? ಅಗೋ, ಸೋರ್ತಾ ಇದೆ, ನಿನ್ನ ಅಂಗಿ ಮೇಲೇ ಸೋರ್ತಾ ಇದೆ!"